ದ್ರಿನಾ ದಾಟಿದ ಬಾಣ

ಪ್ರಿನ್ಸ್‌ಟನ್ ಹತ್ತಿರದ ಒಂದು ಪಠ್ಯಪುಸ್ತಕ ಕಂಪನಿಯಲ್ಲಿ ಗಾರ್ಗಿ ಹದಿನಾರು ವರ್ಷಗಳಿಂದ ನಕ್ಷೆ ಬರೆಯುತ್ತಿದ್ದಳು. ಧಾರವಾಡದಲ್ಲಿ ಭೂಗೋಳ ಓದಿದವಳು, ಕಂಪ್ಯೂಟರಿನ ಕೆಲಸ ಇಲ್ಲಿಗೆ ಬಂದಮೇಲೆ ಕಲಿತಿದ್ದು. ಅವಳ ನಕ್ಷೆಗಳ ಬಗ್ಗೆ ಅಷ್ಟು ವರ್ಷ ಯಾರೂ ತಕರಾರು ತೆಗೆದಿರಲಿಲ್ಲ. ಯುಗೊಸ್ಲಾವಿಯ ಒಡೆದುಹೋದ ಅಧ್ಯಾಯ ಅವಳ ಕೈಗೆ ಬಂದಮೇಲೆ ತೆಗೆದರು.

ಆ ನಕ್ಷೆಯಲ್ಲಿ ಅವಳು ಒಂದು ಕೆಂಪು ಬಾಣ ಎಳೆದಿದ್ದಳು. ೧೯೯೨ರ ಏಪ್ರಿಲ್‌ನಲ್ಲಿ ಸರ್ಬಿಯದ ಕಡೆಯಿಂದ ದ್ರಿನಾ ನದಿಯನ್ನು ದಾಟಿ, ಬೋಸ್ನಿಯದ ಜ್ವೋರ್ನಿಕ್ ಎಂಬ ಊರಿನ ಮೇಲೆ ನಡೆದ ದಾಳಿಯ ಗುರುತು ಅದು. ಸಂಪಾದಕಿ ಮೆರೆಡಿತ್ ಅವಳನ್ನು ಕೋಣೆಗೆ ಕರೆಸಿಕೊಂಡಳು.

"ಈ ಬಾಣ ತೆಗೆಯಬೇಕು ಗಾರ್ಗಿ. ಶಾಲೆಗಳಿಗೆ ಪುಸ್ತಕ ಒಪ್ಪೋ ರಿವ್ಯೂ ಕಮಿಟಿಯಿಂದ ಕಾಗದ ಬಂದಿದೆ. ಇದು ಅಂತರ್ಯುದ್ಧ. ಮೂರು ಜನಾಂಗಕ್ಕೆ ಮೂರು ಬಣ್ಣ ಹಾಕಿಬಿಡು, ಸಾಕು. ಬಾಣ ಇದ್ದರೆ ಹೊರಗಿನವರು ಬಂದು ಹೊಡೆದರು ಅನ್ನೋ ಅರ್ಥ ಬರುತ್ತೆ."

"ಬಂದು ಹೊಡೆದರಲ್ಲ."

"ಅದರ ಬಗ್ಗೆ ಭಿನ್ನಾಭಿಪ್ರಾಯ ಇದೆ."

"ಯುದ್ಧಕ್ಕೆ ಏನಂತ ಹೆಸರಿಡಬೇಕು ಅನ್ನೋದರ ಬಗ್ಗೆ ಇರಬಹುದು. ಶೆಲ್‌ಗಳು ನದಿ ದಾಟಿ ಬಂದದ್ದರ ಬಗ್ಗೆ ಇಲ್ಲ."

ಮೆರೆಡಿತ್ ಕೆಟ್ಟವಳಲ್ಲ. ಪುಸ್ತಕ ಶಾಲೆಗಳಿಗೆ ಹೋಗದಿದ್ದರೆ ಮೊದಲು ಉತ್ತರ ಕೊಡಬೇಕಾದವಳು ಅವಳೇ. ಶುಕ್ರವಾರದವರೆಗೆ ಗಡುವು ಕೊಟ್ಟು ಕಳಿಸಿದಳು.

ಗಾರ್ಗಿ ಆ ಬಾಣವನ್ನು ಬರೀ ಕಾಗದಪತ್ರ ನೋಡಿ ಎಳೆದಿರಲಿಲ್ಲ. ಐಸೆಲಿನ್‌ನ ಓಕ್ ಟ್ರೀ ರೋಡಿನಲ್ಲಿ, ಸೀರೆ ಅಂಗಡಿಯೊಂದರ ಹಿಂಭಾಗದಲ್ಲಿ ಸೆನಾದಾ ಎಂಬ ಬೋಸ್ನಿಯದ ಹೆಂಗಸು ಹೊಲಿಗೆ ಕೆಲಸ ಮಾಡುತ್ತಿದ್ದಳು. ವಯಸ್ಸು ಅರವತ್ತು ದಾಟಿತ್ತು. ಸೀರೆಗೆ ಫಾಲ್ ಹಚ್ಚುವುದರಲ್ಲಿ, ಬ್ಲೌಸ್ ಬಿಚ್ಚಿ ಸಡಿಲ ಮಾಡುವುದರಲ್ಲಿ ಅವಳ ಕೈ ಬಲು ಅಚ್ಚುಕಟ್ಟು. ಒಮ್ಮೆ ಬ್ಲೌಸ್ ಕೊಡಲು ಹೋದಾಗ ಗಾರ್ಗಿ ಮಾತಿನ ಮಧ್ಯೆ ಹೊಸ ಅಧ್ಯಾಯದ ವಿಷಯ ಹೇಳಿದ್ದಳು. ಸೆನಾದಾ ಕತ್ತರಿಯನ್ನು ಕೆಳಗಿಟ್ಟಿದ್ದಳು. ಅವಳು ಜ್ವೋರ್ನಿಕ್‌ನಲ್ಲಿ ಗಣಿತದ ಟೀಚರ್ ಆಗಿದ್ದವಳು.

"ನಮ್ಮ ಅಡುಗೆಮನೆ ಕಿಟಕಿ ನದಿ ಕಡೆಗಿತ್ತು. ಮೊದಲನೇ ಶೆಲ್ ಬಿದ್ದಾಗ ನಾನು ಪಾತ್ರೆ ತೊಳೀತಿದ್ದೆ. ಆಚೆ ದಡದಿಂದಲೇ ಬಂತು, ಕಣ್ಣಾರೆ ನೋಡಿದೀನಿ. ಆಮೇಲೆ ನನ್ನ ಗಂಡನನ್ನ ಕರೆದುಕೊಂಡು ಹೋದರು. ಅಂತರ್ಯುದ್ಧ ಅಂತಾರೆ. ಅಂದರೆ ನಾವು ನಾವೇ ಹೊಡೆದಾಡಿಕೊಂಡೆವು ಅಂತ. ನನ್ನ ಗಂಡ ಯಾರ ಜೊತೆ ಹೊಡೆದಾಡಿದ? ಅವನು ಹಲ್ಲಿನ ಡಾಕ್ಟರು."

ಅವನು ಮರಳಿ ಬಂದನೇ ಎಂದು ಗಾರ್ಗಿ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಆದರೆ ಕಂಪನಿಯಲ್ಲಿ ಒಬ್ಬರ ಬಾಯಿಮಾತು ಸಾಲದು. ಪ್ರತಿಯೊಂದು ಗೆರೆಗೂ ಮಿಲೋರಾದ್‌ನ ಒಪ್ಪಿಗೆ ಬೇಕು. ಪುಸ್ತಕದ ಮಾಹಿತಿ ಸರಿಯೇ ಎಂದು ಪರಿಶೀಲಿಸುವುದು ಅವನ ಕೆಲಸ, ಎರಡು ಆಧಾರ ಸಿಗದೆ ಯಾವುದಕ್ಕೂ ಸಹಿ ಹಾಕುವವನಲ್ಲ. ಅವನು ಸರ್ಬ್, ಕ್ರೊವೇಷಿಯದ ಕ್ನಿನ್ ಬಳಿಯ ಹಳ್ಳಿಯವನು. ಗಾರ್ಗಿ ಆ ಯುದ್ಧದ ಅಪರಾಧಗಳನ್ನು ವಿಚಾರಿಸಿದ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪಿನ ಪುಟಗಳನ್ನು ಅವನ ಮೇಜಿನ ಮೇಲಿಟ್ಟಳು. ಅವನು ಎರಡು ದಿನ ಕೂತು ಅವನ್ನು ಓದಿದ. ಮೂರನೆಯ ದಿನ ಊಟದ ಹೊತ್ತಿಗೆ ಅವಳ ಎದುರು ಬಂದು ಕುಳಿತ.

"ನಿನ್ನ ಬಾಣ ಸರಿ ಇದೆ, ಸಹಿ ಹಾಕಿದೀನಿ. ಆದರೂ ನಾನು ಆ ಯುದ್ಧವನ್ನ ಅಂತರ್ಯುದ್ಧ ಅಂತಲೇ ಕರೆಯೋದು. ನಮ್ಮ ಹಳ್ಳಿಗೆ ಹೊರಗಿನವರು ಯಾರೂ ಬರಲಿಲ್ಲ. ಬೇಲಿ ಆಚೆ ಮನೆಯವನೇ ಬಂದೂಕು ಹಿಡಿದ. ತೊಂಬತ್ತೈದರ ಆಗಸ್ಟ್‌ನಲ್ಲಿ ಕ್ರೊವೇಷಿಯದ ಸೈನ್ಯವೇ ನಮ್ಮ ಮೇಲೆ ಬಂದಾಗ ಐದು ದಿನ ಟ್ರ್ಯಾಕ್ಟರ್ ಮೇಲೆ ಕೂತು ಓಡಿಹೋದೆವು. ನನಗಾಗ ಹದಿನಾಲ್ಕು. ಅಜ್ಜಿ ಬರೋದಿಲ್ಲ ಅಂದಳು, ಅಲ್ಲೇ ಉಳಿದಳು. ಅವಳನ್ನ ಹೂಳಿದವರು ಯಾರು ಅಂತ ಈಗಲೂ ಗೊತ್ತಿಲ್ಲ." ಅವನು ನಕ್ಷೆಯ ಪ್ರತಿಯನ್ನು ಅವಳತ್ತ ತಳ್ಳಿದ. "ನಮ್ಮ ಟ್ರ್ಯಾಕ್ಟರುಗಳು ಇದರಲ್ಲಿ ಎಲ್ಲಿವೆ?"

ಗಾರ್ಗಿ ಪ್ರತಿಯನ್ನು ಮತ್ತೊಮ್ಮೆ ನೋಡಿದಳು. ಅವನು ಹೇಳಿದ್ದು ನಿಜ. ಅವಳ ನಕ್ಷೆಯಲ್ಲಿ ಅವರು ಇರಲಿಲ್ಲ.

ಶುಕ್ರವಾರ ಅವಳು ಒಪ್ಪಿಸಿದ ನಕ್ಷೆಯಲ್ಲಿ ಒಂದಲ್ಲ, ಎರಡು ಬಾಣಗಳಿದ್ದವು. ಕ್ನಿನ್‌ನಿಂದ ಪೂರ್ವಕ್ಕೆ ಹೊರಟ ನಿರಾಶ್ರಿತರ ಉದ್ದನೆಯ ನೀಲಿ ಬಾಣ ಹೊಸದು. ಮೆರೆಡಿತ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು.

"ಒಂದು ತೆಗೆ ಅಂದರೆ ಇನ್ನೊಂದು ಸೇರಿಸಿದೀಯ."

"ಬಿಟ್ಟುಹೋಗಿತ್ತು, ಸೇರಿಸಿದೆ. ಎರಡಕ್ಕೂ ಸಹಿ ಆಗಿದೆ, ನೋಡಿ."

"ಈಗ ಎರಡೂ ಕಡೆಯವರು ಬೈತಾರೆ."

"ಬೈಲಿ. ಮೂರು ಬಣ್ಣ ಬಳಿದು, ತಾನಾಗಿ ಬೆಂಕಿ ಹತ್ತಿಕೊಂಡಿತು ಅಂತ ಮಕ್ಕಳಿಗೆ ತೋರಿಸೋ ನಕ್ಷೆ ನಾನು ಬರೆಯೋದಿಲ್ಲ."

ಮೂರು ಬಣ್ಣದ ಆ ನಕ್ಷೆಯನ್ನು ಕಂಪನಿಯವರು ಬೇರೆಯವರ ಕೈಯಲ್ಲಿ ಬರೆಸಿದರು. ಆದರೂ ಪುಸ್ತಕದ ಮೊದಲ ಪುಟದಲ್ಲಿ ನಕ್ಷೆಗಳು ಎಂಬ ಪದದ ಎದುರು ಗಾರ್ಗಿಯ ಹೆಸರೇ ಇತ್ತು. ಅದನ್ನು ತೆಗೆಯಬೇಕೆಂದು ಅವಳು ಬರೆದುಕೊಟ್ಟಳು. ಹೆಸರು ತೆಗೆದರು. ತಿಂಗಳೊಳಗೆ ಅವಳ ಹುದ್ದೆಯನ್ನೂ ತೆಗೆದರು. ವಿಭಾಗವನ್ನು ಸಣ್ಣದು ಮಾಡುತ್ತಿದ್ದೇವೆ ಎಂಬುದು ಕಾರಣ.

ಗಂಡ ವಸಿಷ್ಠ ಮೈಸೂರಿನವನು, ಬ್ರಿಡ್ಜ್‌ವಾಟರ್‌ನ ಔಷಧಿ ಕಂಪನಿಯಲ್ಲಿ ಕೆಲಸ. "ಅಲ್ಲ ಕಣೇ, ಯಾವುದೋ ದೇಶದ ಜಗಳ. ನಮಗೂ ಅದಕ್ಕೂ ಏನು ಸಂಬಂಧ ಅಂತ ಕೆಲಸ ಕಳ್ಕೊಂಡೆ? ನಿನ್ನ ವಯಸ್ಸಿಗೆ ಇನ್ನೊಂದು ಜಾಬ್ ಸಿಗೋದು ಅಷ್ಟು ಈಸಿ ಅಲ್ಲ."

"ದೇಶ ಅವರದರೀ. ನಕ್ಷೆ ನಂದು," ಎಂದಳು ಗಾರ್ಗಿ. "ನಾ ಸುಳ್ಳು ಬರದು ಕೊಟ್ಟಿದ್ರ ನಿಮಗ ಛಲೋ ಅನಸ್ತಿತ್ತೇನು?"

ಮಾರನೆಯ ದಿನ ವಸಿಷ್ಠ ಊಟದ ಮೇಜನ್ನು ಕಿಟಕಿಯ ಬಳಿಗೆ ಸರಿಸಿ, ಅವಳ ಕಂಪ್ಯೂಟರ್ ಇಡಲು ಜಾಗ ಮಾಡಿಕೊಟ್ಟ.

ಕಂಪನಿಯಲ್ಲಿ ಬರೆದದ್ದು ಕಂಪನಿಯ ಸ್ವತ್ತು. ಅದಕ್ಕೇ ಅವಳು ಎರಡು ಬಾಣಗಳ ಆ ನಕ್ಷೆಯನ್ನು ಮನೆಯಲ್ಲಿ ಮೊದಲಿಂದ ಬರೆದಳು. ನದಿ, ಬೆಟ್ಟ, ಊರು, ರಸ್ತೆ, ಎಲ್ಲವೂ ಹೊಸದಾಗಿ. ಕೊನೆಯ ವಾರ ಸೆನಾದಾ ಬಂದು ಜ್ವೋರ್ನಿಕ್ ಬಳಿ ನದಿಯ ತಿರುವೊಂದನ್ನು ತಿದ್ದಿಸಿದಳು. ಮಿಲೋರಾದ್ ಫೋನಿನಲ್ಲಿ ತನ್ನ ಹಳ್ಳಿಯ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿದ.

ಒಂದು ಶನಿವಾರ ಬೆಳಿಗ್ಗೆ ಊರಿನ ಗ್ರಂಥಾಲಯದ ಒಂದು ಕೋಣೆಯಲ್ಲಿ ಇತಿಹಾಸ ಕಲಿಸುವ ಮೇಷ್ಟ್ರುಗಳ ಸಭೆ ಇತ್ತು. ಗಾರ್ಗಿ ಮೊದಲೇ ಕೇಳಿಕೊಂಡು ಒಂದು ಗೋಡೆ ಪಡೆದಿದ್ದಳು. ನಕ್ಷೆಯನ್ನು ಅಲ್ಲಿ ಅಂಟಿಸಿದಳು. ಇಪ್ಪತ್ತು ಮಂದಿ ಬಂದರು. ಸೆನಾದಾ ಬಂದಳು. ಹೇಳದೆ ಕೇಳದೆ ಮಿಲೋರಾದ್ ಕೂಡ ಬಂದ.

ಟೀಚರ್ ಒಬ್ಬರು ಕೇಳಿದರು: "ಹಾಗಾದರೆ ಇದನ್ನು ಏನಂತ ಕಲಿಸಲಿ? ಆಕ್ರಮಣವೋ, ಅಂತರ್ಯುದ್ಧವೋ?"

"ಆಕ್ರಮಣ," ಎಂದಳು ಸೆನಾದಾ.

"ಅಂತರ್ಯುದ್ಧ," ಎಂದ ಮಿಲೋರಾದ್, ಅದೇ ಉಸಿರಿನಲ್ಲಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅದು ಅವರ ಮೊದಲ ಭೇಟಿ. ಮಾತು ಇಂಗ್ಲಿಷಿನಿಂದ ಅವರ ಭಾಷೆಗೆ ಜಾರಿತು, ಬರಬರುತ್ತಾ ಏರಿತು. ಸೆನಾದಾ ಕೆಂಪು ಬಾಣದ ಮೇಲೆ ಬೆರಳಿಟ್ಟು ಏನೋ ಕೇಳಿದಳು. ಮಿಲೋರಾದ್ ಇಲ್ಲವೆನ್ನಲಿಲ್ಲ, ತಲೆಯಾಡಿಸಿದ. ಅವನು ನೀಲಿ ಬಾಣ ತೋರಿಸಿದಾಗ ಅವಳೂ ಇಲ್ಲವೆನ್ನಲಿಲ್ಲ. ಆದರೆ ಹೆಸರಿನ ವಿಷಯದಲ್ಲಿ ಇಬ್ಬರೂ ಕೂದಲೆಳೆಯಷ್ಟೂ ಜಗ್ಗಲಿಲ್ಲ. ಗಾರ್ಗಿಗೆ ಒಂದು ಪದವೂ ತಿಳಿಯಲಿಲ್ಲ. ಮೇಷ್ಟ್ರುಗಳು ಒಬ್ಬೊಬ್ಬರಾಗಿ ಹತ್ತಿರ ಬಂದು ಸುತ್ತ ನಿಂತರು. ಒಬ್ಬರು ಫೋನಿನಲ್ಲಿ ನಕ್ಷೆಯ ಫೋಟೊ ತೆಗೆದುಕೊಂಡರು.

ಗ್ರಂಥಾಲಯದವರು ಬಾಗಿಲಲ್ಲಿ ನಿಂತು, "ಸ್ವಲ್ಪ ಗಲಾಟೆ ಆಗ್ತಿದೆ. ಅವರಿಗೆ ಸುಮ್ಮನಿರೋಕೆ ಹೇಳ್ತೀರಾ?" ಎಂದರು.

"ಇಲ್ಲ," ಎಂದಳು ಗಾರ್ಗಿ. "ಈ ಕೋಣೆ ಹನ್ನೆರಡರವರೆಗೆ ನಮಗೆ ಕೊಟ್ಟಿದೀರಿ."

ಬಾಗಿಲು ಹಾಕಿ ಬಂದು, ನಕ್ಷೆಯ ಮುಂದೆ ಆ ಇಬ್ಬರಿಗೂ ಒಂದೊಂದು ಕುರ್ಚಿ ಎಳೆದು ಹಾಕಿದಳು.