ರೇವಣಪ್ಪನ ಮೀಸೆಯಡಿಯ ಫೋನ್ ನಂಬರ್

ಶಹಾಬಾದಿನ ಕಲ್ಲಿನ ವ್ಯಾಪಾರಿ ರೇವಣಪ್ಪನಿಗೆ ಅಳಿಯ ಚನ್ನು ವೆಬ್ ಪೇಜ್ ಮಾಡಿಕೊಟ್ಟು ತಿಂಗಳುಗಳೇ ಕಳೆದಿದ್ದವು. ಅದನ್ನು ನೋಡಿ ಒಬ್ಬರೂ ಫೋನ್ ಮಾಡಿರಲಿಲ್ಲ. ಪೇಜಿನಲ್ಲಿ ಏನೋ ಐಬಿದೆ ಎಂಬ ಗುಮಾನಿ ಮನೆಯವರಿಗೆಲ್ಲ ಇತ್ತು. ಆದರೆ ಹೇಳುವವರು ಯಾರು? ಸಾರಿಗೆ ಉಪ್ಪು ಕಡಿಮೆಯೆಂದು ಅಳಿಯ ಹೇಳಬಹುದು. ಅಳಿಯನ ಕೆಲಸದಲ್ಲಿ ಉಪ್ಪು ಕಡಿಮೆಯೆಂದು ಮಾವ ಹೇಳುವಂತಿಲ್ಲ.

ಒಂದು ದಿನ ಚಿಂಚೋಳಿಯಿಂದ ಕರುಣಾ ಬಂದಳು. ಅಲ್ಲಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಅವಳ ಊರಿನ ಬುದ್ಧವಿಹಾರದ ನೆಲಕ್ಕೆ ಕಲ್ಲು ಬೇಕಾಗಿತ್ತು.

“ಕಾಕಾ, ಪೇಜಿನಾಗ ನಿಮ್ಮ ನಂಬರ್ ಸಿಗಲಿಲ್ಲ. ವಿಹಾರದ ಕಮಿಟಿಯವರು ಸೇಡಂ ಕಡೀಂದ ಕಲ್ಲು ತರ್ತೀವಿ ಅನ್ನಾಕತ್ತಾರ. ನಮ್ಮಪ್ಪ ನಿಮ್ಮ ಕಲ್ಲೇ ಬೇಕು ಅಂದ್ರು, ಅದಕ್ಕ ಬಸ್ ಹತ್ತಿ ಬಂದೆ.”

ಇಷ್ಟು ದೊಡ್ಡ ಆರ್ಡರ್ ಕೈತಪ್ಪಿ ಹೋಗುತ್ತಿತ್ತಲ್ಲ ಎಂದು ರೇವಣಪ್ಪ ಹೆದರಿದ. ಆದರೂ ಬಾಯಿ ಸೋಲಲಿಲ್ಲ.

“ಹ್ಯಾಂಗ ಸಿಗಲ್ಲ ತಂಗಿ? ಅಳಿಯಂದ್ರ ಕಂಪ್ಯೂಟರಿನಾಗ ಭಾಳ ಚಂದ ಕಾಣ್ತದ.”

ಕರುಣಾ ತನ್ನ ಫೋನ್ ತೋರಿಸಿದಳು. ತೆರೆ ತುಂಬ ರೇವಣಪ್ಪನ ಫೋಟೊ. ನಂಬರ್ ಇರಬೇಕಾದ ಜಾಗದಲ್ಲಿ ಅವನ ಮೀಸೆ ಗಟ್ಟಿಯಾಗಿ ಕೂತಿತ್ತು.

“ಪೇಜ್ ತೆಗೆದು ತೋರಿಸೋ ಬ್ರೌಸರ್ ಭಾಳ ಅವ ಕಾಕಾ. ಎಲ್ಲಾದಕ್ಕೂ ತಿಳಿಯೋಹಂಗ ಕೋಡ್ ಬರೀಲಿಕ್ಕೆ ನಿಯಮ ಅವ. ನಿಮ್ಮ ಅಳಿಯಂದ್ರು ತಮ್ಮ ಕಂಪ್ಯೂಟರಿನ ಹಳೇ ಬ್ರೌಸರಿಗಷ್ಟೇ ತಿಳಿಯೋಹಂಗ ಬರದಾರ.”

“ಸ್ವಲ್ಪ ಹೆಚ್ಚುಕಮ್ಮಿ ಇದ್ರ ಅವೇ ಹೊಂದಿಸ್ಕೊಳ್ಳಲಿ. ಅಷ್ಟಕ್ಕ ನಿಯಮ ಯಾಕ?”

“ಕಲ್ಲಿನ ಮೂಲಿ ಓರೆ ಇದ್ರ ನೆಲಕ್ಕ ಕಲ್ಲು ಕೂಡಿಸೋ ಗೌಂಡಿ ಏನ್ ಮಾಡ್ತಾನ್ರಿ?”

“ಹೊಂದಿಸಿ ಕೂಡಿಸ್ತಾನ.”

“ಎಲ್ಲಾ ಗೌಂಡಿಗಳೂ ಒಂದೇ ಥರಾ ಹೊಂದಿಸ್ತಾರೇನು?”

ಮೂಲೆ ನೇರವಿದೆಯೇ ಎಂದು ಮೂಲೆಮಟ್ಟ ಹಿಡಿದು, ಕೂದಲೆಳೆಯಷ್ಟು ಓರೆಯಿದ್ದರೂ ಕಲ್ಲನ್ನು ವಾಪಸು ಕಳಿಸುವ ಮನುಷ್ಯ ರೇವಣಪ್ಪ. ಪೇಜಿಗೆ ಮಾತ್ರ ಮೂಲೆಮಟ್ಟ ಹಿಡಿದೇ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು.

“ಕೋಡಿಗೂ ಮೂಲಿಮಟ್ಟದಂಥಾ ಪರೀಕ್ಷೆ ಅದ, ಪುಕ್ಕಟೆ. ತಪ್ಪು ಎಲ್ಲದ ಅಂತ ತೋರಿಸ್ತದ. ಆಮ್ಯಾಲ ಬ್ಯಾರೆ ಬ್ಯಾರೆ ಫೋನಿನಾಗ ತೆಗೆದು ನೋಡಬೇಕು,” ಎಂದಳು ಕರುಣಾ.

“ಅದು ಖರೇ. ಅಳಿಯಂದ್ರಿಗೆ ಹೇಳೋರು ಯಾರು?”

ರವಿವಾರ ಚನ್ನು ಊಟಕ್ಕೆ ಬಂದ. ರೇವಣಪ್ಪನ ಹೆಂಡತಿ ರತ್ನಾಬಾಯಿ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದಳು. ತುಪ್ಪ ತಟ್ಟೆಯಂಚಿಗೆ ಬಂದಾಗ ರೇವಣಪ್ಪ ಮೆಲ್ಲನೆ ತನ್ನ ಫೋನಿನಲ್ಲಿ ಪೇಜ್ ತೆರೆದು ಮುಂದಿಟ್ಟ.

“ಅಳಿಯಂದ್ರೇ, ನನ್ನ ಮೀಸಿ ಭಾಳ ಬೆಳದಾವ. ಸ್ವಲ್ಪ ಸರಿಸ್ತೀರೇನು?”

ಚನ್ನು ಹೋಳಿಗೆ ತಟ್ಟೆಗಿಟ್ಟು ಫೋನಿನತ್ತ ಬಾಗಿದ. “ಮಾವಾರೆ, ಮದಲೇ ಹೇಳಬಾರದಿತ್ತೇನ್ರಿ? ನಾ ನನ್ನ ಕಂಪ್ಯೂಟರ್ ಬಿಟ್ಟು ಬ್ಯಾರೆ ಕಡಿ ನೋಡೇ ಇಲ್ಲ.”

ಕೈ ತೊಳೆದವನೇ ಕೋಡನ್ನು ಪರೀಕ್ಷೆಗೆ ಹಾಕಿ ತಿದ್ದಿದ. ಮನೆಯವರ ಫೋನುಗಳಲ್ಲೆಲ್ಲ ತೆರೆದು ನೋಡಿದ. ಸಂಜೆ ರೇವಣಪ್ಪನ ಫೋನ್ ರಿಂಗಾಯಿತು. ಆ ಕಡೆ ಕರುಣಾ.

“ಪೇಜ್ ನೋಡೇ ಫೋನ್ ಮಾಡೀನಿ ಕಾಕಾ. ಕಮಿಟಿಯವರು ಒಪ್ಯಾರ, ಕಲ್ಲು ಕಳಿಸ್ರಿ.”

ರೇವಣಪ್ಪ ಖುಷಿಯಿಂದ ಮೀಸೆ ತಿರುವಿದ. ಪೇಜಿನಲ್ಲೂ ಅದೀಗ ಅದರ ಜಾಗದಲ್ಲೇ ಇತ್ತು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಅಂಗಡಿಗೋ ಸಂಘಕ್ಕೋ ವೆಬ್ ಪೇಜ್ ಇದೆಯೇ? ಈಗಲೇ ಪಕ್ಕದ ಮನೆಯವರ ಫೋನಿನಲ್ಲಿ ತೆರೆದು ನೋಡಿ. ಕೋಡ್ ನಿಯಮದಂತಿದೆಯೇ ಎಂದು ಮಾಡಿಕೊಟ್ಟವರನ್ನು ಕೇಳಿ. ಅವರು ಅಳಿಯನೇ ಆಗಿದ್ದರೆ, ಹೋಳಿಗೆ ಬಡಿಸಿಯಾದರೂ ಕೇಳಿ.