ಏಳರ ಗೆರೆ

ಅಕ್ಕ ಕೊಟ್ಟ ವಾಚಿನಲ್ಲಿ ಏಳರ ಗೆರೆ ಕೂದಲೆಳೆಯಷ್ಟು ವಾಲಿದೆ ಎಂಬುದು ನನಗೆ ಗೊತ್ತಾದದ್ದು ಅದನ್ನು ಕಟ್ಟಿಕೊಂಡ ಐದನೆಯ ನಿಮಿಷಕ್ಕೆ. ಅಂಕಿಗಳ ಜಾಗದಲ್ಲಿ ಬಂಗಾರದ ಬಣ್ಣದ ಪುಟ್ಟ ಗೆರೆಗಳನ್ನು ಕೂರಿಸಿದ, ಹೆಸರು ಹೇಳಿದರೆ ಜನ ಹುಬ್ಬೇರಿಸುವಂಥ ವಾಚು. ಹನ್ನೊಂದು ಗೆರೆಗಳು ನೆಟ್ಟಗಿವೆ. ಏಳರದ್ದು ಮಾತ್ರ ಎಂಟರ ಕಡೆಗೆ ತಲೆ ಹಾಕಿದೆ. ಅದರ ಪಕ್ಕದಲ್ಲೇ, ಗಾಜಿನ ಒಳಗೆ, ಒಂದು ಧೂಳಿನ ಎಳೆ.

"ಹೇಗಿದೆಯೋ?" ಎಂದಳು ಅಕ್ಕ.

"ಚೆನ್ನಾಗಿದೆ ಅಕ್ಕಾ," ಎಂದೆ. ಆಗಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ನಾನು ಔಷಧಿ ಸೀಸೆಗಳ ಕಾರ್ಖಾನೆಯಲ್ಲಿ ತಪಾಸಣೆ ಮಾಡುವವನು. ಸೀಸೆಯನ್ನು ದೀಪಕ್ಕೆ ಹಿಡಿದು ಗುಳ್ಳೆ, ಗೀರು, ಬಿರುಕು ಹುಡುಕುವುದು. ಸಿಕ್ಕರೆ, ಮುಂದಿನವರು ಮತ್ತೆ ಹುಡುಕದಿರಲಿ ಎಂದು ಅದರ ಪಕ್ಕ ಕೆಂಪು ಬಾಣದ ಚೀಟಿ ಅಂಟಿಸುವುದು. ಹತ್ತೊಂಬತ್ತು ವರ್ಷದಿಂದ ಇದೇ. ಅಲ್ಲಿ ನನ್ನನ್ನು ಭೂತಗನ್ನಡಿ ಎಂದೇ ಕರೆಯುತ್ತಾರೆ. ಸಂಜೆ ಕಾಲೇಜಿಗೆ ಹೋಗಿ ನಲವತ್ತೊಂದನೆಯ ವಯಸ್ಸಿಗೆ ಡಿಪ್ಲೊಮಾ ಮುಗಿಸಿದೆ. ಪಾಸಾದರೆ ಒಳ್ಳೆಯ ವಾಚು ಕೊಡಿಸುತ್ತೇನೆ ಎಂದಿದ್ದಳು ಅಕ್ಕ, ಮಾತು ಉಳಿಸಿಕೊಂಡಳು.

ಏಳು ದಿನದೊಳಗೆ ತಂದರೆ ಬದಲಿಸಿಕೊಡುತ್ತೇವೆ ಎಂದು ಪೆಟ್ಟಿಗೆಯೊಳಗಿನ ಕಾಗದದಲ್ಲಿತ್ತು. ಹೇಳಿಬಿಡಬಹುದಿತ್ತಲ್ಲ? ಅಲ್ಲೇ ಇತ್ತು ತೊಡಕು. ಅಕ್ಕ ಬಟ್ಟೆ ಹೊಲಿಯುವವಳು. ಅಮ್ಮ ಹೋದ ಮೇಲೆ ಹೊಲಿದೇ ನನ್ನನ್ನು ಸಾಕಿದವಳು, ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುತ್ತಿದ್ದವಳು. ಈ ವರ್ಷ ಮಾತ್ರ ಸೂಜಿ ದಾರ ಎರಡನ್ನೂ ನನ್ನ ಕಡೆ ಚಾಚಿ, "ಪೋಣಿಸು, ನನ್ನ ಕೈ ಎಣ್ಣೆಯಾಗಿದೆ" ಎನ್ನುತ್ತಾಳೆ. ಕೈಯಲ್ಲಿ ಎಣ್ಣೆ ಇರುವುದಿಲ್ಲ. ವಾಚಿನ ದೋಷ ತೋರಿಸುವುದೆಂದರೆ ಅವಳ ಕಣ್ಣಿನ ದೋಷವನ್ನು ತೋರಿಸಿದ ಹಾಗೆ.

ಎರಡನೆಯ ದಿನ, ಮತ್ತೆ ಮತ್ತೆ ನೋಡುವುದು ತಪ್ಪಲಿ ಎಂದು ವಾಚನ್ನು ಬಲಗೈಗೆ ಕಟ್ಟಿಕೊಂಡೆ. ಇನ್ನೂ ಹೆಚ್ಚು ಸಲ ನೋಡಿದೆ. ಮೂರನೆಯ ದಿನ ನನ್ನ ಕಣ್ಣಿನ ಮೇಲೆಯೇ ಅನುಮಾನ ಬಂದು, ಊಟದ ಬಿಡುವಿನಲ್ಲಿ ಪ್ಯಾಕಿಂಗ್ ವಿಭಾಗದ ಗೆಳೆಯನಿಗೆ ತೋರಿಸಿದೆ.

"ಎಲ್ಲಪ್ಪಾ? ಮೊಸರಲ್ಲಿ ಕಲ್ಲು ಹುಡುಕೋನು ನೀನು. ಟೈಮ್ ಸರಿ ತೋರಿಸುತ್ತೋ ಇಲ್ವೋ?"

"ತೋರಿಸುತ್ತೆ."

"ಮತ್ತೆ? ಏಳು ಗಂಟೆಗೆ ಕಣ್ಣು ಮುಚ್ಕೊಂಡು ಕೂತ್ಕೋ."

ಐದನೆಯ ದಿನ ವಾಚನ್ನು ಬಿಚ್ಚಿ ತಪಾಸಣೆ ಮೇಜಿನ ದೀಪದ ಕೆಳಗಿಟ್ಟು ನೋಡಿದೆ. ಅಷ್ಟರಲ್ಲಿ ಸೀಸೆಗಳ ಹೊಸ ತಟ್ಟೆ ಬಂತು. ವಾಚನ್ನು ಜೇಬಿಗೆ ಸೇರಿಸಿದೆ. ಅದಕ್ಕೆ ಮುಂಚೆ ಕೈ ತನ್ನ ಅಭ್ಯಾಸದ ಕೆಲಸ ಮುಗಿಸಿತ್ತು. ನನಗೆ ಅದರ ಅರಿವೇ ಇರಲಿಲ್ಲ.

ಸಂಜೆ ಮನೆಗೆ ಬಂದಾಗ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. "ಗಂಟೆ ಎಷ್ಟೋ?" ಎಂದಳು. ವಾಚನ್ನು ಜೇಬಿನಿಂದ ತೆಗೆದದ್ದೇ ತಡ, ಅದರ ಮೇಲೆ ಕೆಂಪಗೆ ಏನೋ ಕಂಡು ಕೈಯಿಂದ ಕಿತ್ತುಕೊಂಡಳು. ಗಾಜಿನ ಮೇಲೆ, ಏಳರ ಕಡೆ ಬೆರಳು ತೋರುವಂತೆ, ಕೆಂಪು ಬಾಣ.

"ಇದೇನೋ ಇದು?"

"ಕಾರ್ಖಾನೆ ಚೀಟಿ. ಹೇಗೋ ಅಂಟ್ಕೊಂಡಿದೆ."

"ಹತ್ತೊಂಬತ್ತು ವರ್ಷ ನಿನ್ನ ಬಾಣದ ಪುರಾಣ ಕೇಳಿದೀನಿ. ತಾನಾಗೇ ಅಂಟ್ಕೊಳ್ಳೋದಲ್ಲ ಅದು."

ವಾಚನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಯಂತ್ರದ ದೀಪದ ಕೆಳಗೆ ತಿರುಗಿಸಿದಳು. "ಏನಿದೆ ಇಲ್ಲಿ? ನನಗೇನೂ ಕಾಣ್ತಿಲ್ಲ."

ಏನಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಬಾಯಿಗೂ ಬಂದಿತ್ತು. ಆದರೆ ಅವಳ ತೊಡೆಯ ಮೇಲೆ, ನಾಡಿದ್ದು ಗಿರಾಕಿಗೆ ಕೊಡಬೇಕಾದ ಕೋಟಿತ್ತು. ಅದರ ಕಾಲರಿನ ಹೊಲಿಗೆ ಅಂಚು ಬಿಟ್ಟು ಓಡಿದ್ದು ನಿಂತಲ್ಲಿಂದಲೇ ಕಾಣುತ್ತಿತ್ತು. ಚೀಲದಿಂದ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ತೆಗೆದು ಕೊಟ್ಟೆ.

ಬಹಳ ಹೊತ್ತು ನೋಡಿದಳು. "ಇವನು ಕುಡಿದು ನಿಂತ ಹಾಗಿದ್ದಾನಲ್ಲೋ," ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಅಂಗಡಿಯಲ್ಲಿ ಅರ್ಧ ಗಂಟೆ ನೋಡಿದೆ ಕಣೋ. ನೀನು ಬಿಡಲ್ಲ ಅಂತ ಗೊತ್ತಿದ್ದೇ, ತಿರುಗಿಸಿ ತಿರುಗಿಸಿ ನೋಡಿದೆ."

ಮಸೂರವನ್ನು ಕಣ್ಣಿನಿಂದ ತೆಗೆದು ನನ್ನ ಕಡೆ ತಿರುಗಿದಳು.

"ಎಷ್ಟು ದಿನ ಆಯ್ತು ನಿನಗೆ ಗೊತ್ತಾಗಿ?"

"ಐದು ದಿನ."

"ವಾಚಿನ ವಿಷಯ ಅಲ್ಲ ನಾನು ಕೇಳಿದ್ದು."

"ದಾರ ಪೋಣಿಸೋಕೆ ಕೊಡ್ತಿದ್ದೆಯಲ್ಲ, ಆಗಿಂದ."

"ಗಿರಾಕಿ ಬಟ್ಟೆ ತಂದು ಮುಖದ ಮೇಲೆ ಎಸೆಯೋವರೆಗೂ ಕಾಯೋಣ ಅಂತಿದ್ದೆಯಾ?"

ಅವಳ ಮನಸ್ಸು ನೋಯಬಾರದು ಎಂದು ಸುಮ್ಮನಿದ್ದೆ ಎಂದುಕೊಂಡಿದ್ದೆ. ನನ್ನ ಪುಕ್ಕಲುತನಕ್ಕೆ ಹಾಗೆ ಹೆಸರಿಟ್ಟುಕೊಂಡಿದ್ದೆನೋ ಏನೋ, ಈಗಲೂ ಸರಿಯಾಗಿ ಹೇಳಲಾರೆ.

ಅಕ್ಕ ಕೋಟನ್ನು ಮೇಜಿನ ಮೇಲೆ ಹರಡಿದಳು. "ಚೀಟಿ ಇದೆಯಾ ಇನ್ನೂ?"

ಚೀಲದಲ್ಲಿ ಅರ್ಧ ಹಾಳೆ ಉಳಿದಿತ್ತು.

"ಅಂಟಿಸು."

ಕಾಲರಿಗೆ ಒಂದು ಅಂಟಿಸಿದೆ. ಜೇಬಿನ ಮೂಲೆಗೆ ಒಂದು. ಗುಂಡಿಯ ಕಾಜಾಕ್ಕೆ ಒಂದು. ನಾಲ್ಕನೆಯದು ತೋಳಿನ ಹತ್ತಿರ ಬಂದಾಗ, "ಅದೂ ತಪ್ಪಾ?" ಎಂದಳು.

"ಒಂದೇ ಒಂದು ಎಳೆ."

"ಅಂಟಿಸು, ಅಂಟಿಸು. ಗಿರಾಕಿಗಳೇ ವಾಸಿ ನಿನಗಿಂತ."

ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಮೊದಲನೆಯ ಬಾಣದಿಂದ ಹೊಲಿಗೆ ಬಿಚ್ಚತೊಡಗಿದಳು. "ನಾಳೆ ಮೊದಲು ಕಣ್ಣಿನ ಡಾಕ್ಟರು. ಕನ್ನಡಕ ಬಂದ ಮೇಲೆ ವಾಚಿನ ಅಂಗಡಿ. ಈ ಸಲವೂ ನಾನೇ ಆರಿಸೋದು."

"ಕನ್ನಡಕ ನಾಳೇನೇ ಸಿಗಲ್ಲ ಅಕ್ಕಾ. ಅಷ್ಟರಲ್ಲಿ ಏಳು ದಿನ ಮುಗಿಯುತ್ತೆ."

"ಹಾಗಾದ್ರೆ ನಾಳೇನೇ ಹೋಗೋಣ, ಈ ಮಸೂರ ಹಾಕ್ಕೊಂಡು ನೋಡ್ತೀನಿ," ಎಂದಳು, ತಲೆ ಎತ್ತದೆ. "ನೀನು ಮಾತ್ರ ಒಳಗೆ ಬರಬೇಡ. ಹೊರಗೆ ನಿಂತಿರು."

ಆಗಲಿ ಎಂದೆ. ಅಂಗಡಿಯ ಗಾಜಿನ ಆಚೆಯಿಂದ ಗೆರೆಗಳು ಕಾಣುವಷ್ಟು ಹತ್ತಿರ ನಿಲ್ಲಲು ಆದೀತೇ ಎಂದು ಆಗಲೇ ಯೋಚಿಸತೊಡಗಿದ್ದೆ.