ಇಬ್ಬರ ಹೆಸರಿನ ಹಿಂಬರಹ

ಮಂಜೇಶ ಆ ಅರ್ಜಿಯನ್ನು ಎರಡು ಸಲ ಉಪನೋಂದಣಿ ಕಚೇರಿಗೆ ಕೊಂಡೊಯ್ದಿದ್ದ. ಎರಡು ಸಲವೂ ಮದುವೆ ಟೇಬಲ್ಲಿನ ಗುಮಾಸ್ತರು ಮೊದಲ ಸಾಲು ಓದಿ, ಸುತ್ತ ಒಮ್ಮೆ ನೋಡಿ, "ಇದೆಲ್ಲ ಆಗಲ್ಲ, ಹೋಗಪ್ಪಾ" ಎಂದು ಮಡಿಸಿ ವಾಪಸ್ಸು ಕೊಟ್ಟಿದ್ದರು. ಅವನು ಮಾತಾಡದೆ ತೆಗೆದುಕೊಂಡು ಬಂದಿದ್ದ. ಮಾತಾಡದಿರುವುದು ಅವನಿಗೆ ಚಿಕ್ಕಂದಿನಿಂದ ಮೈಗೂಡಿದ್ದು.

ಅರ್ಜಿಯಲ್ಲಿದ್ದದ್ದು ಇಷ್ಟೇ: ಮಂಜೇಶ್ ಮತ್ತು ಚಲಪತಿ ಎಂಬ ನಾವಿಬ್ಬರು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಲು ಬಯಸಿದ್ದೇವೆ, ನಮ್ಮ ನೋಟಿಸನ್ನು ಸ್ವೀಕರಿಸಬೇಕು. ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಇದು ಕಾನೂನು ಮಾಡುವವರಿಗೆ ಬಿಟ್ಟದ್ದು ಎಂದು ಸುಪ್ರೀಂ ಕೋರ್ಟು ಹೇಳಿಯಾಗಿತ್ತು. ಅವರಿಗೆ ಬೇಕಿದ್ದದ್ದು ಆ 'ಆಗುವುದಿಲ್ಲ' ಎಂಬುದೇ, ಆದರೆ ಕಾಗದದ ಮೇಲೆ, ಸಹಿ ಮೊಹರಿನೊಂದಿಗೆ. "ಹಿಂಬರಹ ತನ್ನಿ" ಎಂದಿದ್ದರು ವಕೀಲರು. "ಅವರು ಬೇಡ ಅಂದಿದ್ದಕ್ಕೇ ಪುರಾವೆ ಇಲ್ಲ ಅಂದ್ರೆ, ನೀವು ಕೇಳೇ ಇಲ್ಲ ಅಂತಾಗುತ್ತೆ."

ಮೂರನೆಯ ಸಲ ಚಲಪತಿಯೊಂದಿಗೆ ಹೋದಾಗ ಕಚೇರಿಯ ಮುಂದಿನ ಹೊಂಗೆ ಮರದಡಿ ಅವನ ತಾಯಿ ಅಮ್ಮಯಮ್ಮ ನಿಂತಿದ್ದಳು. ತೂಬಗೆರೆಯಿಂದ ಮೊದಲ ಬಸ್ಸಿಗೆ ಬಂದಿದ್ದಳು. ಮಗ ಮತ್ತು ಚಲಪತಿ ಒಂದೇ ಮನೆಯಲ್ಲಿ ಬಾಳುತ್ತಿದ್ದ ಆರು ವರ್ಷವೂ ರಾಗಿ ಹಿಟ್ಟು, ಹುರುಳಿಕಾಳು ಕಳಿಸಿದವಳು. ಏನು, ಎತ್ತ ಎಂದು ಒಂದು ದಿನವೂ ಕೇಳಿರಲಿಲ್ಲ. ಅವಳು ಕೇಳದ್ದನ್ನು ಮಂಜೇಶ ಹೇಳಿರಲಿಲ್ಲ.

"ನೀನ್ಯಾಕಮ್ಮ ಬಂದೆ?"

"ಚಲಪತಿ ಫೋನ್ ಮಾಡಿ ಎಲ್ಲಾ ಹೇಳ್ದ. ಎರಡ್ ಸಲ ಬಾಯ್ ಮುಚ್ಕೊಂಡು ವಾಪಸ್ ಬಂದ್ಯಂತೆ."

ಚಲಪತಿ ಏನೂ ಗೊತ್ತಿಲ್ಲದವನಂತೆ ಮರದ ಮೇಲಕ್ಕೆ ನೋಡಿದ.

"ಯಾರ ಕೈಗೆ ಕೊಟ್ಟೆ ಅರ್ಜಿನ?"

"ಮದುವೆ ಟೇಬಲ್ಲಿಗೆ."

"ಅಯ್ಯೋ ನಿನ್ನ ಎಂ.ಎ. ಓದಿಗಿಷ್ಟು! ಕಾಗ್ದ ತಗೊಳೋ ತಪಾಲು ಕಿಟಕೀಗೆ ಕೊಡ್ಬೇಕು ಕಣೋ. ಟೇಬಲ್ಲಿಗೆ ಕೊಟ್ರೆ ಹಂಗೇ ವಾಪಸ್ ಕೊಡ್ತಾರೆ. ತಪಾಲಲ್ಲಿ ಸೀಲ್ ಬಿದ್ದು ನಂಬರ್ ಬಂತು ಅಂದ್ರೆ, ಇವತ್ತಲ್ಲ ನಾಳೆ ಉತ್ತರ ಕೊಡ್ಲೇಬೇಕು."

ಓದು ಬರಹ ಬಾರದ ಅವಳಿಗೆ ಕಚೇರಿ ಗೊತ್ತಿತ್ತು. ಗಂಡ ಪಿಳ್ಳಪ್ಪ ತೀರಿಕೊಂಡಾಗ ಮೈದುನರು, ಇವಳು ಹೆಂಡತಿ ಅನ್ನುವುದಕ್ಕೆ ದಾಖಲೆ ಎಲ್ಲಿ ಎಂದು ಕೇಳಿದ್ದರು. ಚಪ್ಪರದ ಕೆಳಗೆ ಧಾರೆ ಎರೆದದ್ದಕ್ಕೆ ಕಾಗದ ಇರಲಿಲ್ಲ. ಹದಿನಾಲ್ಕು ವರ್ಷ ಬಾಳಿದವಳು ಸರ್ಕಾರದ ಲೆಕ್ಕದಲ್ಲಿ ಯಾರೂ ಅಲ್ಲದವಳಾಗಿದ್ದಳು. ಪಹಣಿಯಲ್ಲಿ ಅವಳ ಹೆಸರು ಕೂರಲು ಏಳು ವರ್ಷ ಹಿಡಿದಿತ್ತು.

"ನನ್ನಂಗೆ ಇವನು ನಾಳೆ ಬೀದೀಲಿ ನಿಂತ್ಕೋಬಾರ್ದು" ಎಂದಳು, ಚಲಪತಿಯ ಕಡೆ ಕೈ ತೋರಿಸಿ. ಆರು ವರ್ಷದ ಮಾತನ್ನು ಅವಳು ಆಡಿ ಮುಗಿಸಿದ್ದು ಹಾಗೆ.

ತಪಾಲಿನ ಕಿಟಕಿಯಲ್ಲಿದ್ದ ಹೆಂಗಸು ಅರ್ಜಿಯನ್ನು ಓದಲೇ ಇಲ್ಲ. ಮೊಹರು ಒತ್ತಿ, ನಂಬರು ಬರೆದು, ಮುಂದಿನವರನ್ನು ಕರೆದಳು.

ಹನ್ನೆರಡನೆಯ ದಿನ ಕಚೇರಿಯಿಂದ ಫೋನು ಬಂತು. ಮೂವರೂ ಹೋದರು. ಕ್ರಯಪತ್ರಕ್ಕೆ ಬಂದವರಿಂದ ಹಜಾರ ತುಂಬಿತ್ತು. ಬೆಂಚಿನಲ್ಲಿದ್ದ ಸೈಟು ಬ್ರೋಕರೊಬ್ಬ ಜಾಗ ಬಿಡುತ್ತಾ ಕೇಳಿದ, "ಏನ್ ಗುರು, ಯಾವ ಕಡೆ ಸೈಟು?"

"ಸೈಟಲ್ಲ ಅಣ್ಣ, ಮದುವೆ ಅರ್ಜಿ" ಎಂದ ಚಲಪತಿ.

"ಹೌದಾ! ಗಂಡ್ಯಾರು?"

"ಇಬ್ರೂನೂ."

ಬ್ರೋಕರು ನಕ್ಕ. ಯಾರೂ ಜೊತೆಗೆ ನಗದಿದ್ದಾಗ, "ಮತ್ತೆ ಹೆಣ್ಣಿನ ಕಡೆಯೋರೆಲ್ಲಿ?" ಎಂದ.

"ಆ ಕಡೆನೂ ನಾನೇ, ಈ ಕಡೆನೂ ನಾನೇ" ಎಂದಳು ಅಮ್ಮಯಮ್ಮ. "ನಿಂಗೇನ್ ಬೇಕಪ್ಪಾ? ಊಟದ ಎಲೆ ಹಾಕಿಸ್ಲಾ?"

ಮದುವೆ ಟೇಬಲ್ಲಿನ ಗುಮಾಸ್ತರು ತಲೆಯೆತ್ತಿದರು. "ವಯಸ್ಸಾದೋರು ನೀವು. ಹುಡುಗ್ರಿಗೆ ನಾಲ್ಕು ಬುದ್ಧಿ ಹೇಳ್ಬಾರ್ದಾ?"

"ಹೇಳಿದ್ನಲ್ಲ ಸಾಮಿ, ತಪಾಲಿಗೆ ಕೊಡು ಅಂತ."

ಗುಮಾಸ್ತರು ಕಾಗದವನ್ನು ಮಂಜೇಶನ ಕಡೆ ತಳ್ಳಿದರು. ಅವನು ಓದಿದ. 'ಮಂಜೇಶ್ ಬಿನ್ ಲೇಟ್ ಪಿಳ್ಳಪ್ಪ ಹಾಗೂ ಅವರ ಸ್ನೇಹಿತರು ಸಲ್ಲಿಸಿದ ಮನವಿಯನ್ನು ಪರಿಶೀಲಿಸಲಾಗಿ, ಪುರಸ್ಕರಿಸಲು ಅವಕಾಶವಿರುವುದಿಲ್ಲ.' ಮದುವೆ ಎಂಬ ಮಾತೇ ಇರಲಿಲ್ಲ. ಚಲಪತಿಯ ಹೆಸರೂ ಇರಲಿಲ್ಲ.

ಚಲಪತಿ ಬಗ್ಗಿ ನೋಡಿದ. ಅವನ ಮುಖದ ನಗೆ ಇಳಿಯಿತು. "ಬಿಡು, ಸೀಲ್ ಇದೆಯಲ್ಲ" ಎಂದ ಮೆಲ್ಲಗೆ.

"ಏನ್ ಬರ್ದವ್ರೆ?" ಎಂದಳು ಅಮ್ಮಯಮ್ಮ.

ಮಂಜೇಶ ಕಾಗದವನ್ನು ಇನ್ನೊಮ್ಮೆ ಓದಿದ. ತನ್ನ ಮೌನವನ್ನು ಅವನು ಇಷ್ಟು ವರ್ಷ ತನ್ನದೇ ಆಸ್ತಿಯಂತೆ ಕಾಪಾಡಿಕೊಂಡಿದ್ದ. ಅದರೊಳಗೆ ಯಾರೂ ಬರಲಾರರು ಎಂದುಕೊಂಡಿದ್ದ. ಮನೆ ಮಾಲೀಕರಿಗೆ ಚಲಪತಿಯನ್ನು ಸ್ನೇಹಿತ ಎಂದದ್ದು ಯಾರು? ಕೆಲಸದ ಕಡೆ ಸ್ನೇಹಿತ ಎಂದದ್ದು? ಗುಮಾಸ್ತರು ಹೊಸದೇನನ್ನೂ ಬರೆದಿರಲಿಲ್ಲ. ಅವನು ಹೇಳುತ್ತ ಬಂದದ್ದಕ್ಕೇ ಮೊಹರು ಒತ್ತಿದ್ದರು.

ಅವನು ಎದ್ದು ಅಧಿಕಾರಿಯ ಕೋಣೆಯ ಬಾಗಿಲಿಗೆ ಹೋದ. ಉಳಿದಿಬ್ಬರೂ ಹಿಂದೆಯೇ ಬಂದರು. ಬಾಗಿಲು ತೆರೆದೇ ಇತ್ತು.

"ಮೇಡಂ, ಇದರಲ್ಲಿ ತಪ್ಪಿದೆ."

ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. "ರಿಜೆಕ್ಟ್ ಆಗಿದೆ. ಅದ್ರಲ್ಲಿ ತಪ್ಪೇನು ಬಂತು?"

"ರಿಜೆಕ್ಟ್ ಮಾಡಿದ್ದಕ್ಕೆ ನಿಮ್ಮನ್ನ ಏನೂ ಅನ್ನಲ್ಲ, ಇವತ್ತಿನ ಕಾನೂನು ಅದು. ಆದ್ರೆ ನಾವು ಕೇಳಿದ್ದೇನು ಅನ್ನೋದನ್ನ ತಪ್ಪು ಬರೆದಿದಾರೆ." ಅವನ ದನಿ ಏರಿತು; ಹಿಂದೆ ಹಜಾರದಲ್ಲಿ ಮಾತು ನಿಂತದ್ದು ಅವನಿಗೆ ಕೇಳಿಸಿತು. ಆದರೂ ದನಿ ಇಳಿಸಲಿಲ್ಲ. "ಇವನು ನನ್ನ ಸ್ನೇಹಿತ ಅಲ್ಲ. ಇವನ ಹೆಸರು ಚಲಪತಿ. ನಾನು ಇವನನ್ನ ಮದುವೆಯಾಗ್ಬೇಕು ಅಂತ ಅರ್ಜಿ ಹಾಕಿದೀನಿ. ಎಲ್ಲರಿಗೂ ಇರೋ ಹಕ್ಕು, ದಯೆ ಕೇಳ್ತಿಲ್ಲ. ಬೇಡ ಅಂತ ಬರೆಯೋದಾದ್ರೆ, ಏನು ಬೇಡ ಅಂತ ಬರೀರಿ. ನಾಳೆ ಕಾನೂನು ಮಾಡೋರು, ನಿಮ್ಮ ಕಡೆ ಯಾರಾದ್ರೂ ಕೇಳಿದ್ರಾ ಅಂದಾಗ ನಿಮ್ಮ ಕಡತದಲ್ಲಿ ನಾವಿಬ್ರೂ ಇರಬೇಕು."

ಅಧಿಕಾರಿ ತಪಾಲಿನ ನಂಬರಿದ್ದ ಮೂಲ ಅರ್ಜಿಯನ್ನು ತರಿಸಿಕೊಂಡು ಪೂರ್ತಿ ಓದಿದರು. ಆ ಕಚೇರಿಯಲ್ಲಿ ಅದನ್ನು ಕೊನೆಯವರೆಗೆ ಓದಿದವರು ಬಹುಶಃ ಅವರೊಬ್ಬರೇ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಮ್ಮಯಮ್ಮನನ್ನು ನೋಡಿದರು.

"ನೀವು ತಾಯಿನಾ?"

"ಹೂಂ ಮೇಡಂ. ಬೇಗ ಬರೆಸ್ಕೊಡಿ, ಒಂದೂವರೆ ಬಸ್ಸು ಹೊರಟ್ಬಿಡುತ್ತೆ."

ಅಧಿಕಾರಿ ಗುಮಾಸ್ತರನ್ನು ಕರೆದು, "ಅರ್ಜಿಯಲ್ಲಿ ಇದ್ದಂಗೇ ಟೈಪ್ ಮಾಡಿ. ಎರಡೂ ಹೆಸರು ಬರಲಿ" ಎಂದರು.

ಹೊಸ ಕಾಗದ ಬಂತು. ಮಂಜೇಶ ಸ್ವೀಕೃತಿಗೆ ಸಹಿ ಹಾಕಿ, ಪೆನ್ನನ್ನು ಚಲಪತಿಗೆ ಕೊಟ್ಟ. ಅವನೂ ಕೆಳಗೆ ಸಹಿ ಹಾಕಿದ.

"ಓದು, ನಂಗೂ ಕೇಳ್ಲಿ" ಎಂದಳು ಅಮ್ಮಯಮ್ಮ.

ಹಜಾರದ ನಡುವೆ ನಿಂತೇ ಮಂಜೇಶ ಓದಿದ. ಲಗ್ನಪತ್ರಿಕೆ ಓದುವಾಗ ಹಿರಿಯರು ಓದುವಂತೆ, ಒಂದೊಂದು ಹೆಸರನ್ನೂ ಬಿಡಿಬಿಡಿಯಾಗಿ. ಇಂಥವರ ಮಗ ಮಂಜೇಶ್, ಇಂಥವರ ಮಗ ಚಲಪತಿ, ತಮ್ಮಿಬ್ಬರ ವಿವಾಹಕ್ಕಾಗಿ ಸಲ್ಲಿಸಿದ ಅರ್ಜಿ. ತಿರಸ್ಕರಿಸಲಾಗಿದೆ ಎಂಬಲ್ಲಿಯೂ ಅವನ ಕತ್ತು ಬಾಗಲಿಲ್ಲ. ಬ್ರೋಕರು ಬೆಂಚಿನಿಂದ ಎದ್ದು ನಿಂತು ಕೇಳಿಸಿಕೊಳ್ಳುತ್ತಿದ್ದ.

"ಇದನ್ನ ಹಿಡ್ಕೊಂಡು ಕೋರ್ಟಿಗೆ ಹೋಗಕ್ಕೆ ಎಷ್ಟು ದಿನ ಟೈಮು?" ಎಂದಳು ಅಮ್ಮಯಮ್ಮ.

"ವಕೀಲರು ಮೂವತ್ತು ದಿನ ಅಂದಿದಾರೆ."

"ಅಷ್ಟ್ಯಾಕೆ? ನಾಳೆನೇ ಹೋಗಾಣ."